ವಾಹನದ ಬ್ಲೋವರ್ ಮೋಟಾರು: ಪರೀಕ್ಷೆ ಮತ್ತು ಬದಲಾವಣೆ



ಆಷಾಢದ ಮಳೆಯಲ್ಲಿ, ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ, ಮಲೆನಾಡಿನ ಘಾಟಿಯೊಂದನ್ನು ಇಳಿಯುತ್ತಿರುವ ಪಿಕಪ್ ವಾಹನವನ್ನು ಕಣ್ಣಮುಂದೆ ತಂದುಕೊಳ್ಳಿ. ಹಿಂದೆ ತರಕಾರಿಯ ಚೀಲಗಳು. ಮುಂದೆ ಚಾಲಕನ ಜೊತೆ ಇನ್ನಿಬ್ಬರು. ಮೂವರ ಬಟ್ಟೆಯೂ ಒದ್ದೆ. ಎರಚಲಿಗೆ ಕಿಟಕಿಗಳನ್ನು ಮುಚ್ಚಿದ್ದಾರೆ. ಹೊರಗೆ ವೈಪರ್ ಸರಿಯಾಗಿಯೇ ಆಡುತ್ತಿದೆ, ಆದರೆ ಗಾಜಿನ ಒಳಮೈ ಹಬೆ ಹಿಡಿದು ಬೆಳ್ಳಗಾಗಿದೆ. ಚಾಲಕನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಿಂದ ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಾ, ಒರೆಸಿದ ಅಂಗೈಯಗಲದ ಜಾಗದಲ್ಲಿ ರಸ್ತೆಯನ್ನು ಹುಡುಕುತ್ತಾನೆ. ಎದುರಿನಿಂದ ಬರುವ ವಾಹನದ ದೀಪ ಆ ಹಬೆಯ ಮೇಲೆ ಬಿದ್ದರೆ ಅಷ್ಟು ಜಾಗವೂ ಕಾಣದಂತಾಗುವುದು. ಈ ವಾಹನದ ಬ್ರೇಕು, ಟೈರು, ದೀಪ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು ಡ್ಯಾಶ್‌ಬೋರ್ಡಿನ ಹಿಂದೆ ಇರುವ, ತೆಂಗಿನಕಾಯಿಗಿಂತ ಚಿಕ್ಕದಾದ ಒಂದು ಮೋಟಾರು.

ಹೀಟರು ಎಂದರೆ ಚಳಿ ದೇಶದವರ ಸೌಕರ್ಯ, ನಮಗೇತಕ್ಕೆ ಎಂದು ಅನೇಕರು ಅದು ಕೆಟ್ಟು ವರ್ಷ ಕಳೆದರೂ ಲಕ್ಷ್ಯ ಕೊಡುವುದಿಲ್ಲ. ಬೇಸಿಗೆಯಲ್ಲಿ ಅದರ ಅಗತ್ಯ ಕಾಣದಿರುವುದು ನಿಜ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂತಹ ಕಡೆ, ಕೊಡಗಿನಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜು ಕಾಣುವಂತೆ ಇಡುವ ಸಾಧನವೇ ಇದು. ಬಯಲುಸೀಮೆಯಲ್ಲಿಯೂ ಮಾಗಿಯ ಬೆಳಗಿನಲ್ಲಿ ಹಾಲು, ಹೂವು ಸಾಗಿಸುವವರಿಗೆ ಇದರ ಅನುಭವವಿದೆ.

ಗಾಜಿಗೆ ಹಬೆ ಏಕೆ ಕಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಹಿಡಿಯುವುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು; ಅದೇ ಗಾಳಿ 20 ಡಿಗ್ರಿಗೆ ತಣಿದರೆ 17 ಗ್ರಾಂ ಮಾತ್ರ. ಮಿಕ್ಕಿದ್ದು ನೀರಾಗಿ ತಣ್ಣನೆಯ ಮೈ ಎಲ್ಲಿ ಸಿಕ್ಕುವುದೋ ಅಲ್ಲಿ ಕೂರುತ್ತದೆ. ಮಳೆಯಿಂದ ತಣಿದ ಗಾಜು ಅಂತಹ ಮೈ. ಮೂವರ ಉಸಿರು, ಒದ್ದೆ ಗೊಪ್ಪೆ, ಒದ್ದೆ ಕೊಡೆ, ಕಾಲಡಿಯ ಗೋಣಿತಟ್ಟು ಎಲ್ಲವೂ ಒಳಗಿನ ಗಾಳಿಗೆ ತೇವವನ್ನು ಸೇರಿಸುತ್ತಲೇ ಇರುತ್ತವೆ. ಹೊರಗಿನ ಮಳೆಹನಿಗೆ ಹೊಗೆಸೊಪ್ಪು ಉಜ್ಜುವ ಹಳೆಯ ಚಾಲಕರ ಉಪಾಯ ಈ ಒಳಗಿನ ಹಬೆಗೆ ನಡೆಯದು. ಇದಕ್ಕೆ ಎರಡೇ ಮಾರ್ಗ: ಗಾಜನ್ನು ಬೆಚ್ಚಗೆ ಮಾಡುವುದು, ತೇವದ ಗಾಳಿಯನ್ನು ಹೊರಗೆ ದೂಡುವುದು. ಬ್ಲೋವರ್ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ.

ಎಂಜಿನಿನಿಂದ ಬರುವ ಬಿಸಿನೀರು ಡ್ಯಾಶ್‌ಬೋರ್ಡಿನ ಒಳಗಿರುವ ಒಂದು ಚಿಕ್ಕ ರೇಡಿಯೇಟರಿನಲ್ಲಿ ಹರಿಯುತ್ತದೆ. ಬ್ಲೋವರಿನ ಫ್ಯಾನು ಬಾನೆಟ್ಟಿನ ಹಿಂಬದಿಯ ಜಾಲರಿಯಿಂದ ಗಾಳಿಯನ್ನು ಎಳೆದು, ಈ ರೇಡಿಯೇಟರಿನ ಮೂಲಕ ಹಾಯಿಸಿ, ಗಾಜಿನ ಬುಡದ ಸೀಳುಗಳಿಂದ ಮೇಲಕ್ಕೆ ಊದುತ್ತದೆ. ಏರ್ ಕಂಡಿಷನರ್ ಇರುವ ಗಾಡಿಯಲ್ಲಿ ತಂಪು ಗಾಳಿಯನ್ನು ಊದುವುದೂ ಇದೇ ಫ್ಯಾನು. ಆದ್ದರಿಂದ ಬ್ಲೋವರ್ ನಿಂತರೆ ಬಿಸಿಯೂ ಇಲ್ಲ, ತಂಪೂ ಇಲ್ಲ. ಇತ್ತೀಚಿನ ಕ್ಯಾಬಿನ್ ಇರುವ ಟ್ರ್ಯಾಕ್ಟರುಗಳಲ್ಲಿಯೂ ಇದೇ ಬಗೆಯ ಬ್ಲೋವರ್ ಇರುತ್ತದೆ. ಅದನ್ನು ಬಹುಮಟ್ಟಿಗೆ ಚಾವಣಿಯೊಳಗೆ ಕೂರಿಸಿರುತ್ತಾರೆ. ಬೆನ್ನಿಗೆ ಕಟ್ಟುವ ಪವರ್ ಸ್ಪ್ರೇಯರನ್ನು ಬಿಚ್ಚಿ ನೋಡಿದವರಿಗೆ ಗಾಳಿ ಊದುವ ಈ ಚಕ್ರದ ಕೆಲಸ ಹೊಸತೆನಿಸದು.

ಮೋಟಾರಿನಲ್ಲಿ ಮಾತ್ರ ಒಂದು ವ್ಯತ್ಯಾಸವುಂಟು. ಪಂಪ್‌ಸೆಟ್ಟಿನ ಮೂರು ಫೇಸಿನ ಮೋಟಾರಿಗೆ ಬ್ರಷ್ ಇರುವುದಿಲ್ಲ. ಬ್ಲೋವರಿನದು 12 ವೋಲ್ಟಿನ, ಒಳಗೆ ಕಾಂತವಿರುವ ಡಿ.ಸಿ. ಮೋಟಾರು. ಇದಕ್ಕೆ ವಿದ್ಯುತ್ತು ಎರಡು ಕಾರ್ಬನ್ ಬ್ರಷ್‌ಗಳ ಮೂಲಕ ಹೋಗುತ್ತದೆ. ಬ್ರಷ್ ದಿನ ಕಳೆದಂತೆ ಸವೆಯುವ ವಸ್ತು. ತಿರುಗುವ ಅಚ್ಚು ಕೂರುವ ಬುಷ್‌ಗಳಲ್ಲಿ ತಯಾರಕರು ತುಂಬಿದ ಎಣ್ಣೆಯೂ ಕ್ರಮೇಣ ಒಣಗುತ್ತದೆ. ಬೆಳಗ್ಗೆ ಗಾಡಿ ಹೊರಡಿಸಿದಾಗ ಕೀಚಲು ಸದ್ದು ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಬುಷ್ ಒಣಗಿದೆ ಎಂದು ತಿಳಿಯಬೇಕು. ಈ ಸದ್ದಿಗೆ ಕೊಬ್ಬರಿ ಎಣ್ಣೆ ಬಿಡುವುದುಂಟು. ಎರಡು ದಿನ ಸದ್ದು ಅಡಗುವುದು. ಆಮೇಲೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೆಡುವುದು. ಎಣ್ಣೆ ಬ್ರಷ್‌ವರೆಗೆ ಇಳಿದರಂತೂ ಮೋಟಾರಿನ ಕಥೆ ಅಲ್ಲಿಗೇ ಮುಗಿಯಿತು.

ಗಾಳಿ ಬರುತ್ತಿಲ್ಲವೆಂದ ಕೂಡಲೇ ಹೊಸ ಮೋಟಾರು ತರಲು ಪೇಟೆಗೆ ಹೊರಡಬಾರದು. ಹಣ ಪೋಲಾಗುವುದು ಇಲ್ಲಿಯೇ. ಮೋಟಾರು ಬದಲಾಯಿಸಿದ ಮೇಲೂ ಫ್ಯಾನು ತಿರುಗದೆ, ಕಡೆಗೆ ದೋಷ ಒಂದು ಫ್ಯೂಸಿನಲ್ಲಿತ್ತೆಂದು ತಿಳಿಯುವುದು ಅಪರೂಪವೇನಲ್ಲ. ಪರೀಕ್ಷೆಗೆ ಅರ್ಧ ಗಂಟೆ ಸಾಕು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ 12 ವೋಲ್ಟಿನ ಬಲ್ಬಿಗೆ ಎರಡು ವೈರು ಕಟ್ಟಿಕೊಂಡರೂ ನಡೆಯುತ್ತದೆ.

ಮೊದಲು ಸ್ವಿಚ್ಚನ್ನು ಒಂದೊಂದೇ ಹಂತಕ್ಕೆ ತಿರುಗಿಸಿ ನೋಡಬೇಕು. ಒಂದು, ಎರಡು, ಮೂರನೆಯ ಹಂತಗಳಲ್ಲಿ ಗಾಳಿಯಿಲ್ಲದೆ, ಕಡೆಯ ಪೂರ್ತಿ ವೇಗದಲ್ಲಿ ಮಾತ್ರ ಜೋರಾಗಿ ಬಂದರೆ ಮೋಟಾರಿಗೆ ಜೀವವಿದೆ, ಸುಟ್ಟಿರುವುದು ರೆಸಿಸ್ಟರ್. ಕಡಿಮೆ ವೇಗಗಳಲ್ಲಿ ವಿದ್ಯುತ್ತು ಈ ರೆಸಿಸ್ಟರಿನ ಮೂಲಕ ಹಾದು ಕುಗ್ಗಿ ಮೋಟಾರಿಗೆ ಹೋಗುತ್ತದೆ. ಪೂರ್ತಿ ವೇಗದಲ್ಲಿ ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ರೆಸಿಸ್ಟರ್ ಬಿಸಿಯಾಗುವ ವಸ್ತುವಾದುದರಿಂದ ಅದು ತಣಿಯಲೆಂದು ಬ್ಲೋವರಿನ ಗಾಳಿ ಬೀಸುವ ದಾರಿಯಲ್ಲಿಯೇ ಕೂರಿಸಿರುತ್ತಾರೆ. ಎರಡು ಸ್ಕ್ರೂ ಬಿಚ್ಚಿದರೆ ಸಾಮಾನ್ಯವಾಗಿ ಹೊರಗೆ ಬರುವುದು. ತಾನಾಗಿ ಉಷ್ಣತೆಯನ್ನು ಹೊಂದಿಸಿಕೊಳ್ಳುವ ದುಬಾರಿ ಕಾರುಗಳಲ್ಲಿ ಇದರ ಬದಲು ಎಲೆಕ್ಟ್ರಾನಿಕ್ ಬಿಡಿಭಾಗವಿರುತ್ತದೆ. ಅದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗದಿರುವುದು ಲೇಸು.

ರೆಸಿಸ್ಟರ್ ಸುಟ್ಟಿದೆ ಎಂದು ಅದೊಂದನ್ನೇ ಬದಲಾಯಿಸಿ ಕೈತೊಳೆದುಕೊಂಡರೂ ತಪ್ಪಾಗಬಹುದು. ಅದು ಏಕೆ ಸುಟ್ಟಿತು? ಬುಷ್ ಒಣಗಿ ಅಥವಾ ಕಸ ಸಿಕ್ಕಿ ಬಿಗಿಯಾದ ಮೋಟಾರು, ಬೇರಿಂಗ್ ಹಿಡಿದ ಪಂಪ್‌ಸೆಟ್ಟಿನಂತೆಯೇ, ಹೆಚ್ಚು ಆಂಪಿಯರ್ ಎಳೆಯುತ್ತದೆ. ಅದೇ ವೇಳೆಗೆ ಗಾಳಿ ಕಡಿಮೆಯಾಗಿ ರೆಸಿಸ್ಟರಿಗೆ ತಂಪೂ ಸಿಕ್ಕುವುದಿಲ್ಲ. ಅಂತಹ ಗಾಡಿಗೆ ಹೊಸ ರೆಸಿಸ್ಟರ್ ಹಾಕಿದರೆ ಕೆಲವು ವಾರಗಳಲ್ಲಿ ಅದೂ ಸುಡುವುದು. ಪ್ಲಗ್ಗಿನ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಮೋಟಾರನ್ನೇ ಸಂಶಯದಿಂದ ನೋಡಬೇಕು. ಕರಗಿದ ಪ್ಲಗ್ಗನ್ನೂ ಹಾಗೆಯೇ ಬಿಡಬಾರದು.

ಯಾವ ಹಂತದಲ್ಲಿಯೂ ಗಾಳಿ ಬಾರದಿದ್ದರೆ ಫ್ಯೂಸ್ ನೋಡಬೇಕು. ಯಾವುದು ಬ್ಲೋವರಿನದೆಂದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿ ತಿಳಿಸಿರುತ್ತಾರೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ ನೋಡಬೇಕು. ಅದೂ ಸುಟ್ಟರೆ ಅಲ್ಲಿಗೆ ನಿಲ್ಲಿಸತಕ್ಕದ್ದು. ಮನೆಯ ಮೀಟರ್ ಬೋರ್ಡಿನಲ್ಲಿ ದಪ್ಪ ತಂತಿ ಸುತ್ತುವ ಅಭ್ಯಾಸವನ್ನು ಕೆಲವರು ಗಾಡಿಗೂ ತರುತ್ತಾರೆ. ಇಲ್ಲವೆ 20 ಆಂಪಿಯರಿನ ಜಾಗಕ್ಕೆ 30ರದನ್ನು ತುರುಕುತ್ತಾರೆ. ಪೂರ್ತಿ ವೇಗದಲ್ಲಿ 15 ಆಂಪಿಯರ್ ಎಳೆಯುವ ಮೋಟಾರು 12 ವೋಲ್ಟಿಗೆ 180 ವ್ಯಾಟ್ ಶಕ್ತಿಯನ್ನು ಬಳಸುತ್ತದೆ, ಅಂದರೆ ಮೂರು ಹೆಡ್‌ಲೈಟ್ ಬಲ್ಬುಗಳಷ್ಟು. ಮೋಟಾರು ಸಿಕ್ಕಿಕೊಂಡು ಇದಕ್ಕೂ ಹೆಚ್ಚು ಎಳೆದಾಗ ಫ್ಯೂಸ್ ಸುಡದಿದ್ದರೆ ವೈರು ಸುಡಬೇಕಾಗುತ್ತದೆ. ಆ ವೈರು ಹಾದುಹೋಗುವುದು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮತ್ತು ಸ್ಪಂಜಿನ ನಡುವೆ. ಗಾಡಿಯೇ ಹೊತ್ತಿ ಉರಿಯಲು ಇಷ್ಟು ಸಾಕು.

ಫ್ಯೂಸ್ ಸರಿಯಾಗಿದ್ದರೆ ಮೋಟಾರಿನ ಬಳಿ ಹೋಗಬೇಕು. ಬಲಗಡೆ ಸ್ಟಿಯರಿಂಗ್ ಇರುವ ಭಾರತದ ಹೆಚ್ಚಿನ ಕಾರು, ಪಿಕಪ್‌ಗಳಲ್ಲಿ ಇದು ಎಡಗಡೆ, ಕಾಗದಪತ್ರ ಇಡುವ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಅಥವಾ ಕೆಳಗೆ ಇರುತ್ತದೆ. ಸ್ವಿಚ್ಚನ್ನು ಪೂರ್ತಿ ವೇಗಕ್ಕಿಟ್ಟು, ಮೋಟಾರಿನ ತಳವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಬೇಕು. ತಟ್ಟಿದಾಗ ಎಚ್ಚೆತ್ತು ತಿರುಗಿದರೆ ಬ್ರಷ್ ಸವೆದಿದೆ. ಆಗ ತಿರುಗಿತೆಂದು ಸಂತೋಷಪಟ್ಟು ಘಾಟಿ ಹತ್ತಬಾರದು. ಮತ್ತೆ ಯಾವಾಗ ನಿಲ್ಲುವುದೋ ಹೇಳುವಂತಿಲ್ಲ. ತಟ್ಟಿದರೂ ತಿರುಗದಿದ್ದರೆ ಪ್ಲಗ್ಗನ್ನು ಕಳಚಿ, ಕೀಲಿಯನ್ನು ಆನ್ ಮಾಡಿ, ಪ್ಲಗ್ಗಿನ ಎರಡು ಕಡ್ಡಿಗಳ ನಡುವೆ ವೋಲ್ಟೇಜ್ ಅಳೆಯಬೇಕು. ಒಂದು ಕಡ್ಡಿಗೂ ಗಾಡಿಯ ಬಾಡಿಗೂ ನಡುವೆ ಅಳೆದರೆ ಮೋಸಹೋಗುವ ಸಂಭವವಿದೆ, ಏಕೆಂದರೆ ಅನೇಕ ಗಾಡಿಗಳಲ್ಲಿ ಸ್ವಿಚ್ಚು ಅರ್ತಿನ ಕಡೆಯ ವೈರಿನಲ್ಲಿರುತ್ತದೆ. ಎರಡು ಕಡ್ಡಿಗಳ ನಡುವೆ 12 ವೋಲ್ಟ್ ಬರುತ್ತಿದ್ದೂ ಫ್ಯಾನು ತಿರುಗದಿದ್ದರೆ ದೋಷ ಮೋಟಾರಿನದೇ. ವೋಲ್ಟ್ ಬಾರದಿದ್ದರೆ ಸ್ವಿಚ್ಚು, ರಿಲೇ, ಇಲ್ಲವೆ ವೈರಿನ ದೋಷ; ಮೋಟಾರು ಕೊಳ್ಳುವ ಅಗತ್ಯವಿಲ್ಲ.

ಇನ್ನೊಂದು ಕಾರಣವನ್ನು ಹಳ್ಳಿಯವರು ವಿಶೇಷವಾಗಿ ನೆನಪಿಡಬೇಕು. ಅಂಗಳದ ಮರದ ಕೆಳಗೆ, ಭತ್ತದ ಕಣಜದ ಪಕ್ಕದಲ್ಲಿ, ಅಡಿಕೆ ದಾಸ್ತಾನಿನ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗೆ ಒಣಗಿದ ಎಲೆಯೂ ಇಲಿಯೂ ನುಗ್ಗದೆ ಬಿಡುವುದಿಲ್ಲ. ಬಾನೆಟ್ಟಿನ ಹಿಂದಿನ ಜಾಲರಿಯಲ್ಲಿ ಎಲೆ ತುಂಬಿದರೆ ಮಳೆನೀರು ಹರಿದುಹೋಗುವ ತೂತು ಕಟ್ಟಿ, ನೀರು ಬ್ಲೋವರಿನೊಳಕ್ಕೆ ಇಳಿದು ಮೋಟಾರು ತುಕ್ಕು ಹಿಡಿಯುತ್ತದೆ. ಫ್ಯಾನು ತಿರುಗುವಾಗ ಟಕಟಕ ಸದ್ದು ಬಂದರೆ ಕಡ್ಡಿಯೋ ಎಲೆಯೋ ಸಿಕ್ಕಿದೆ ಎಂದರ್ಥ. ಇಲಿಗಂತೂ ಹತ್ತಿ, ನಾರು, ಕಾಗದ ತಂದು ಗೂಡು ಕಟ್ಟಲು ಫ್ಯಾನಿನ ಗೂಡಿಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ಗಾಳಿಯೊಡನೆ ಕೆಟ್ಟ ವಾಸನೆ ಬಂದರೆ ಸಂಶಯಪಡಬೇಕು. ಅಂತಹ ಗೂಡನ್ನು ಬರಿಗೈಯಲ್ಲಿ ಕೀಳಬಾರದು. ಇಲಿಯ ಮೂತ್ರದಿಂದ ಇಲಿಜ್ವರ ಬರುವುದು ಗದ್ದೆಯ ಕೆಲಸದವರಿಗೆ ತಿಳಿದ ವಿಷಯ. ಕೈಯ ಮೇಲಿನ ಸಣ್ಣ ಗಾಯವೂ ಅದಕ್ಕೆ ಬಾಗಿಲು. ರಬ್ಬರ್ ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಗೂಡಿನ ಮೇಲೆ ಬ್ಲೀಚಿಂಗ್ ಪುಡಿಯ ನೀರನ್ನು ಚಿಮುಕಿಸಿ ನೆನೆದ ಮೇಲೆ ತೆಗೆಯಬೇಕು. ಒಣಗಿದ್ದಾಗಲೇ ಗುಡಿಸುವುದಾಗಲಿ, ಬ್ಲೋವರ್ ಹಾಕಿ ಊದಿಸುವುದಾಗಲಿ ಕೂಡದು. ಗೂಡು ತೆಗೆದ ಮೇಲೆ ಮೋಟಾರು ಸರಾಗವಾಗಿ ತಿರುಗಿ, ಬದಲಾಯಿಸುವ ಅಗತ್ಯವೇ ಬೀಳದಿರಬಹುದು.

ಮೋಟಾರೇ ಕೆಟ್ಟಿದೆಯೆಂದು ಖಚಿತವಾದರೆ ಬದಲಾಯಿಸುವ ಕೆಲಸ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಎತ್ತಿ ಇಳಿಸುವುದಕ್ಕಿಂತ ಸುಲಭ. ನಕ್ಷತ್ರ ಮೊನೆಯ ಸ್ಕ್ರೂಡ್ರೈವರ್, 8 ಮತ್ತು 10 ಮಿಲಿಮೀಟರಿನ ಬಾಕ್ಸ್ ಸ್ಪ್ಯಾನರ್, ಒಂದು ಟಾರ್ಚು ಇದ್ದರೆ ಸಾಕಾಗುವುದು. ಹಗಲಿನಲ್ಲಿ, ಎಂಜಿನ್ ತಣಿದಿರುವಾಗ, ಸಮನಾದ ನೆಲದಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಪ್ರಾರಂಭಿಸಬೇಕು.

ಮೊಟ್ಟಮೊದಲು ಕೀಲಿಯನ್ನು ಹೊರತೆಗೆದು, ಬ್ಯಾಟರಿಯ ಋಣ ತುದಿಯ ಕೇಬಲ್ಲನ್ನು ಬಿಚ್ಚಿ ಪಕ್ಕಕ್ಕೆ ಸರಿಸಿಡಬೇಕು. ಧನ ತುದಿಯನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುವುದು. 2022ರಿಂದ ಈಚೆಗೆ ತಯಾರಾದ ಕಾರುಗಳಲ್ಲಿ ಎಡಗಡೆಯ ಮುಂದಿನ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಅದಕ್ಕಿಂತ ಹಿಂದಿನ ಅನೇಕ ಕಾರುಗಳಲ್ಲಿಯೂ ಅದು ಉಂಟು. ಅದು ಇರುವುದು ಇದೇ ಪೆಟ್ಟಿಗೆಯ ಮೇಲ್ಭಾಗದಲ್ಲಿ. ಅಂತಹ ಗಾಡಿಯಲ್ಲಿ ಬ್ಯಾಟರಿ ಬಿಚ್ಚಿದ ಮೇಲೆ ಹತ್ತು ನಿಮಿಷವಾದರೂ ಕಾಯಬೇಕು. ಹಳದಿ ಬಣ್ಣದ ಪ್ಲಗ್ಗುಗಳನ್ನೂ ಅವುಗಳ ವೈರುಗಳನ್ನೂ ಮುಟ್ಟಲೇಬಾರದು. ಬ್ಲೋವರನ್ನು ತೆಗೆಯಲು ಏರ್‌ಬ್ಯಾಗನ್ನೇ ಕಳಚಬೇಕಾಗುವ ಗಾಡಿಯಾದರೆ ಕೆಲಸವನ್ನು ಮೆಕ್ಯಾನಿಕ್‌ಗೆ ಒಪ್ಪಿಸಬೇಕು. ಅಲ್ಲಿ ಉಳಿಯುವ ಕೂಲಿಗಿಂತ ಒದಗುವ ಅಪಾಯ ದೊಡ್ಡದು.

ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿರುವುದನ್ನೆಲ್ಲ ತೆಗೆದು, ಬದಿಗಳನ್ನು ಒಳಕ್ಕೆ ಒತ್ತಿದರೆ ಅಥವಾ ಸ್ಕ್ರೂ ಬಿಚ್ಚಿದರೆ ಪೆಟ್ಟಿಗೆ ಕೆಳಕ್ಕೆ ಬರುತ್ತದೆ. ಗಾಡಿ ಹಳೆಯದಾದಷ್ಟೂ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಬಲ ಹಾಕಿದರೆ ಕ್ಲಿಪ್ ಮುರಿಯುವುದು. ಬಿಚ್ಚಿದ ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ, ತೆಗೆದ ಕ್ರಮದಲ್ಲಿಯೇ ಇಡಬೇಕು. ಉದ್ದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಒಳಗಿನ ಭಾಗವನ್ನು ತೂತು ಮಾಡೀತು. ಹಳೆಯ ಮೋಟಾರನ್ನು ತೆಗೆಯುವ ಮೊದಲು ಅದು ಕೂತಿರುವ ರೀತಿಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಪ್ಲಗ್ಗಿನ ಕೊಂಡಿಯನ್ನು ಒತ್ತಿ ಕಳಚಬೇಕು, ವೈರು ಹಿಡಿದು ಎಳೆಯಬಾರದು. ಮೋಟಾರು ತಣಿಯಲು ಗಾಳಿ ತರುವ ಒಂದು ಸಣ್ಣ ರಬ್ಬರ್ ನಳಿಗೆ ಕೆಲವಕ್ಕೆ ಇರುತ್ತದೆ, ಅದನ್ನೂ ಬಿಡಿಸಬೇಕು. ನಂತರ ಸಾಮಾನ್ಯವಾಗಿ ಮೂರು ಸ್ಕ್ರೂಗಳು. ಕಡೆಯದನ್ನು ಬಿಚ್ಚುವಾಗ ಕೆಳಗೆ ಕೈ ಕೊಟ್ಟಿರಬೇಕು. ಮೋಟಾರು ಫ್ಯಾನಿನ ಸಮೇತ ಕೆಳಕ್ಕೆ ಇಳಿಯುತ್ತದೆ.

ಹೊಸದನ್ನು ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿಯೇ ಒಯ್ಯಬೇಕು. ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಮೋಟಾರು ಹಾಕಿರುತ್ತಾರೆ. ಸ್ಕ್ರೂ ತೂತುಗಳ ಅಂತರ, ಪ್ಲಗ್ಗಿನ ಆಕಾರ, ಫ್ಯಾನಿನ ಅಗಲ ಮತ್ತು ಎತ್ತರವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಗುಜರಿಯ ಮೋಟಾರಾದರೆ ಕೈಯಲ್ಲಿ ತಿರುಗಿಸಿ, ಅಚ್ಚನ್ನು ಪಕ್ಕಕ್ಕೆ ಅಲುಗಿಸಿ ನೋಡಬೇಕು. ಲೊಡಲೊಡ ಎಂದರೆ ಬೇಡ. ಸಾಧ್ಯವಾದಷ್ಟು ಫ್ಯಾನು ಸಹಿತವಾಗಿರುವುದನ್ನೇ ಕೊಳ್ಳುವುದು ಮೇಲು. ಬರಿಯ ಮೋಟಾರೇ ಸಿಕ್ಕಿದರೆ, ಹಳೆಯ ಅಚ್ಚಿನಲ್ಲಿ ಫ್ಯಾನು ಎಷ್ಟು ಆಳಕ್ಕೆ ಕೂತಿತ್ತೆಂದು ಅಳೆದುಕೊಂಡು ಹೊಸದರಲ್ಲಿ ಅಷ್ಟೇ ಆಳಕ್ಕೆ ಕೂರಿಸಬೇಕು. ಫ್ಯಾನಿನ ಎಸಳಿಗೆ ಸಿಕ್ಕಿಸಿದ ಚಿಕ್ಕ ಲೋಹದ ತುಂಡು ಕಂಡರೆ ಅದು ಕಸವಲ್ಲ, ತೂಕ ಸರಿಗೂಡಿಸಲು ಹಾಕಿದ್ದು. ಕಿತ್ತರೆ ಫ್ಯಾನು ನಡುಗಿ ಬುಷ್ ಬೇಗ ಸವೆಯುವುದು.

ಹೊಸ ಮೋಟಾರನ್ನು ಕೂರಿಸುವ ಮೊದಲು ಅದು ಇಳಿದುಬಂದ ತೂತಿನಲ್ಲಿ ಟಾರ್ಚು ಬಿಟ್ಟು ಒಳಗಿನ ಎಲೆ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಗಾಳಿ ಸೋಸುವ ಫಿಲ್ಟರ್ ಇರುವ ಗಾಡಿಯಾದರೆ ಅದನ್ನೂ ನೋಡಬೇಕು. ಧೂಳು ಕಟ್ಟಿದ ಫಿಲ್ಟರ್ ಇದ್ದರೆ ಹೊಸ ಮೋಟಾರಿನಿಂದಲೂ ಗಾಳಿ ಬಾರದು. ಮೂರು ಸ್ಕ್ರೂಗಳನ್ನೂ ಮೊದಲು ಕೈಯಿಂದಲೇ ಹಿಡಿಸಿ, ಆಮೇಲೆ ಸಮನಾಗಿ ಬಿಗಿಯಬೇಕು. ಪೆಟ್ಟಿಗೆ ಮುಚ್ಚುವ ಮುಂಚೆಯೇ ಬ್ಯಾಟರಿ ಕೇಬಲ್ ಜೋಡಿಸಿ, ಕಡಿಮೆ ವೇಗದಿಂದ ಪೂರ್ತಿ ವೇಗದವರೆಗೆ ಪರೀಕ್ಷಿಸುವುದು ಜಾಣತನ. ಸದ್ದು ಜೋರಾಗಿದ್ದು ಗಾಳಿ ಮಾತ್ರ ನಿಧಾನವಾಗಿ ಬಂದರೆ ಫ್ಯಾನು ಹಿಂದುಮುಂದಾಗಿ ತಿರುಗುತ್ತಿರಬಹುದು. ವೈರು ಕತ್ತರಿಸಿ ಹೊಸ ಪ್ಲಗ್ ಜೋಡಿಸಿದ ಕಡೆ ಈ ತಪ್ಪು ಆಗುತ್ತದೆ. ಪಂಪ್‌ಸೆಟ್ಟಿನಲ್ಲಿ ಫೇಸ್ ಅದಲುಬದಲಾದಂತೆಯೇ ಇದೂ. ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುವುದು.

ಗಾಳಿ ಚೆನ್ನಾಗಿ ಬಂದರೂ ಹಬೆ ಬಿಡದಿದ್ದರೆ ಗಾಳಿಯ ಲಿವರ್ ಎಲ್ಲಿದೆ ನೋಡಬೇಕು. ಧೂಳಿನ ರಸ್ತೆಗೆಂದು ಒಳಗಾಳಿಯ ಕಡೆಗೆ ತಿರುಗಿಸಿದ್ದನ್ನು ಅನೇಕರು ಮರೆತುಬಿಡುತ್ತಾರೆ. ಆಗ ಒಳಗಿನ ಒದ್ದೆ ಗಾಳಿಯೇ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಅದನ್ನು ಹೊರಗಾಳಿಗೆ ತಿರುಗಿಸಬೇಕು. ಗಾಜಿನ ಮೇಲೆ ಕೂರುವ ಹಬೆ ಎಣ್ಣೆಯಂತೆ ಅಂಟಾಗಿದ್ದು, ಸಿಹಿ ವಾಸನೆ ಬಂದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೀಟರಿನ ಒಳ ರೇಡಿಯೇಟರ್ ಸೋರುತ್ತಿದೆ. ಅದು ಬ್ಲೋವರಿನ ಕೆಲಸವಲ್ಲ, ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ.

ಚಿಕ್ಕ ಪೇಟೆಗಳಲ್ಲಿ ಮೋಟಾರು ಕೂಡಲೇ ಸಿಗದೆ ಎರಡು ಮೂರು ದಿನ ಕಾಯಬೇಕಾಗಬಹುದು. ಅಷ್ಟರವರೆಗೆ ಗಾಡಿ ತೆಗೆಯಲೇಬೇಕಾದರೆ, ಗಾಜಿನ ಒಳಮೈಯನ್ನು ಸೋಪಿನ ನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಬೇಕು. ಉಳಿಯುವ ತೆಳುಪದರ ಹಬೆಯನ್ನು ಸ್ವಲ್ಪ ಕಾಲ ತಡೆಯುತ್ತದೆ. ಒದ್ದೆ ಗೊಪ್ಪೆ, ಕೊಡೆ, ಗೋಣಿಗಳನ್ನು ಹಿಂದಕ್ಕೆ ಹಾಕಿ, ಎರಡೂ ಕಡೆಯ ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದು ಹಗಲಿನಲ್ಲಿ ಮಾತ್ರ ಹೊರಡಬೇಕು. ಮೈ ಸ್ವಲ್ಪ ನೆನೆದರೆ ನೆನೆಯಲಿ. ಘಾಟಿಯ ನಡುವೆ ಗಾಜು ಪೂರ್ತಿ ಮುಚ್ಚಿಕೊಂಡರೆ ಒರೆಸುತ್ತಾ ಮುಂದಕ್ಕೆ ಹೋಗದೆ, ತಿರುವಿನಿಂದ ದೂರದಲ್ಲಿ, ಗುಡ್ಡ ಜರಿಯದ ಅಗಲವಾದ ಜಾಗ ನೋಡಿ ಬದಿಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿ, ಬಾಗಿಲು ತೆರೆದು ಗಾಜು ತಿಳಿಯಾಗುವವರೆಗೆ ಕಾಯತಕ್ಕದ್ದು.